ಹ್ಯಾಶ್‌ರೇಟ್ ಬಿದ್ದರೆ ಮೊದಲು ಇಲ್ಲಿ ನೋಡಿ

ಮುಂಬೈ ಕಡೆ ಬಿಟ್‌ಕಾಯಿನ್ ಮೈನಿಂಗ್ (ಯಂತ್ರದಿಂದ ಲೆಕ್ಕ ಮಾಡಿಸಿ ಬಿಟ್‌ಕಾಯಿನ್ ಗಳಿಸುವ ಕೆಲಸ) ಮಾಡುವ ನಮ್ಮವರಿಗೆ ಒಂದು ಮಾತು. ಫ್ಯಾನ್ ತಿರುಗುತ್ತಿದೆ, ಹಸಿರು ಲೈಟ್ ಉರಿಯುತ್ತಿದೆ ಅಂತ ಸುಮ್ನೆ ಕೂರಬೇಡಿ. ಪೂಲ್‌ನಲ್ಲಿ (ಹಲವರು ಸೇರಿ ಮೈನಿಂಗ್ ಮಾಡುವ ಜಾಲ) ಕಾಣುವ 24 ಗಂಟೆಯ ಸರಾಸರಿ ಹ್ಯಾಶ್‌ರೇಟನ್ನು, ಅಂದರೆ ಯಂತ್ರ ಲೆಕ್ಕ ಮಾಡುವ ವೇಗವನ್ನು, ದಿನಾ ಬರೆದಿಡಿ. ಐದು ನಿಮಿಷದ ಅಂಕಿ ಏರಿಳಿಯುತ್ತಲೇ ಇರುತ್ತದೆ, ಅದಕ್ಕೆ ಗಾಬರಿ ಬೇಡ. ಆದರೆ ಸರಾಸರಿಯೇ ಮೂರನೇ ಒಂದು ಭಾಗ ಕುಸಿದರೆ ಹೆಚ್ಚಾಗಿ ಒಂದು ಹ್ಯಾಶ್‌ಬೋರ್ಡ್ (ಲೆಕ್ಕ ಮಾಡುವ ಚಿಪ್‌ಗಳಿರುವ ಹಲಗೆ) ಕೆಟ್ಟು ಮಲಗಿರುತ್ತದೆ. ಆಂಟ್‌ಮೈನರ್ ಎಸ್9 ಯಂತ್ರದಲ್ಲಿ ಮೂರು ಬೋರ್ಡ್, ಒಂದೊಂದರಲ್ಲಿ 63 ಚಿಪ್. ಯಂತ್ರದ ಸ್ಟೇಟಸ್ ಪುಟದಲ್ಲಿ ಸರಿ ಇರುವ ಚಿಪ್‌ಗೆ ಸೊನ್ನೆಯಂಥ ಗುರುತು, ಕೆಟ್ಟದ್ದಕ್ಕೆ ಎಕ್ಸ್ (x) ಗುರುತು.

ಬೋರ್ಡುಗಳ ಬಿಸಿಯನ್ನು ಒಂದಕ್ಕೊಂದು ಹೋಲಿಸಿ ನೋಡಿ. ಹೋದ ಮಳೆಗಾಲದಲ್ಲಿ ಡೊಂಬಿವಲಿಯ ನಮ್ಮ ಗಾಲಾದಲ್ಲಿ (ಸಣ್ಣ ಕೈಗಾರಿಕಾ ಮಳಿಗೆ) ಒಂದು ಬೋರ್ಡ್ ಉಳಿದೆರಡಕ್ಕಿಂತ 12 ಡಿಗ್ರಿ ಜಾಸ್ತಿ ತೋರಿಸುತ್ತಿತ್ತು, ಬಿಚ್ಚಿದರೆ ಹೀಟ್‌ಸಿಂಕ್ ಸಂದಿಯಲ್ಲಿ ಧೂಳು ತೇವಕ್ಕೆ ಅಂಟಿ ಒಣಗಿದ ಕೆಸರಿನ ಹಾಗೆ ಕೂತಿತ್ತು. ಮೃದು ಬ್ರಷ್ ಆಡಿಸಿ ಬ್ಲೋವರ್ ಹೊಡೆದ ಮೇಲೆ ಸರಿಹೋಯಿತು. ಮೇನ್ ಸ್ವಿಚ್ ಆಫ್ ಮಾಡಿಯೇ ಕೈ ಹಾಕಿ, ಗಾಳಿ ಹೊಡೆಯುವಾಗ ಫ್ಯಾನ್ ತಿರುಗದಂತೆ ರೆಕ್ಕೆ ಹಿಡಿದುಕೊಳ್ಳಿ.

ರಿಜೆಕ್ಟ್ (ಪೂಲ್ ಒಪ್ಪದೆ ತಿರಸ್ಕರಿಸಿದ ಲೆಕ್ಕ) ಜಾಸ್ತಿ ಆದರೆ ಮೊದಲು ಇಂಟರ್ನೆಟ್ ನೋಡಿ. ಪವರ್ ಕನೆಕ್ಟರ್ ಕಂದು ತಿರುಗಿದ್ದರೆ ಮಾತ್ರ ನಾಳೆ ನೋಡೋಣ ಅನ್ನಬೇಡಿ, ತಕ್ಷಣ ನಿಲ್ಲಿಸಿ, ಅದು ಬೆಂಕಿ ಹತ್ತುವ ಲಕ್ಷಣ.