ಪ್ಯಾಂಟಿನ ಕಾಲು, ಕಾಣದ ಹೊಲಿಗೆ

ರೆಡಿಮೇಡ್ ಪ್ಯಾಂಟು ಹಾಕಿಕೊಳ್ಳುವಾಗ ಹೆಬ್ಬೆರಳು ಕಾಲಿನ ಮಡಿಕೆಗೆ ಸಿಕ್ಕಿ, ಹೊಲಿಗೆ ಸರ್ರಂತ ಬಿಚ್ಚಿಕೊಂಡಿದ್ದು ನಿಮ್ಮ ಮನೆಯಲ್ಲೂ ಆಗಿರಬೇಕು. ಗಾರ್ಮೆಂಟ್ಸ್‌ಗಳಲ್ಲಿ ಈ ಮಡಿಕೆ ಹೊಲಿಯುವುದಕ್ಕೇ ಬೇರೆ ಮಿಷನ್ ಇರುತ್ತದೆ. ಅದಕ್ಕೆ ಕೆಳಗಿನ ದಾರ ಸುತ್ತಿಡುವ ಬಾಬಿನ್ ಇಲ್ಲ, ಒಂದೇ ದಾರದಲ್ಲಿ ಸರಪಳಿ ಹೊಲಿಗೆ ಹಾಕುತ್ತಾ ಹೋಗುತ್ತದೆ. ತುದಿ ಕಿತ್ತರೆ ಪೂರ್ತಿ ಕಾಲು ಬಿಚ್ಚಿಕೊಂಡ ಹಾಗೆಯೇ. ಮನೆ ಮಿಷನ್ನಿನಲ್ಲಿ ಮೇಲಿನ ದಾರ, ಕೆಳಗಿನ ದಾರ ಎರಡೂ ಹೆಣೆದುಕೊಳ್ಳುವುದರಿಂದ ಅಷ್ಟು ಸುಲಭಕ್ಕೆ ಬಿಚ್ಚುವುದಿಲ್ಲ. ಪ್ಯಾಂಟಿನ ಮಡಿಕೆಯನ್ನು ಅದರಲ್ಲೇ ಸರಿಯಾಗಿ ಹೊಲಿದರೆ ಹೊರಗಡೆ ಕಾಣುವುದೂ ಇಲ್ಲ.

ನಾನು ಹೊಲಿಗೆ ಕಲಿತದ್ದು ಕಾಲಲ್ಲಿ ತುಳಿಯುವ ಕರಿ ಮಿಷನ್ನಿನಲ್ಲಿ. ಅದಕ್ಕೆ ನೆಟ್ಟಗೆ ಹೋಗುವುದು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ಅಂಥದ್ದೇ ನಿಮ್ಮ ಹತ್ತಿರವೂ ಇದ್ದರೆ ಈ ಕೆಲಸಕ್ಕೆ ಕೈ ಹೆಮ್ಮಿಂಗೇ ಗತಿ, ಸುಮ್ನೆ ಒದ್ದಾಡಬೇಡಿ. ಜಿಗ್‌ಜಾಗ್ ಹಾಕುವ ಮಿಷನ್ ಆದರೆ ಅದರ ಮೇಲಿನ ಚಿತ್ರಗಳನ್ನು ನೋಡಿ. ನಾಲ್ಕೈದು ಹೊಲಿಗೆ ನೆಟ್ಟಗೆ ಹೋಗಿ, ಆಮೇಲೆ ಒಂದು ಮಾತ್ರ ಗೋಪುರದ ಹಾಗೆ ಪಕ್ಕಕ್ಕೆ ಹಾರಿ ವಾಪಸ್ಸು ಬರುವ ಚಿತ್ರ ಇರುತ್ತದೆ. ಅದೇ ಬ್ಲೈಂಡ್ ಹೆಮ್, ಅಂದರೆ ಹೊರಗೆ ಕಾಣದ ಮಡಿಕೆ ಹೊಲಿಗೆ. ನೆಟ್ಟಗಿನ ಹೊಲಿಗೆಯ ಜಾಗದಲ್ಲಿ ಸಣ್ಣ ಸಣ್ಣ ಜಿಗ್‌ಜಾಗ್ ಇರುವ ಇನ್ನೊಂದು ಚಿತ್ರವೂ ಇದ್ದರೆ, ಅದು ಎಳೆದರೆ ಹಿಗ್ಗುವ ಬಟ್ಟೆಗೆ.

ಎಲ್ಲರೂ ಎಡವುವುದು ಹೊಲಿಯುವುದರಲ್ಲಿ ಅಲ್ಲ, ಮಡಿಸುವುದರಲ್ಲಿ. ಹತ್ತಿ ಬಟ್ಟೆಯಾದರೆ ಮೊದಲು ನೆನೆಸಿ ಒಣಗಿಸಿ, ಇಲ್ಲದಿದ್ದರೆ ಒಗೆದ ಮೇಲೆ ಗಿಡ್ಡವಾಗುತ್ತದೆ. ಬರಿಗಾಲಲ್ಲಿ ಅಳತೆ ತೆಗೆಯಬೇಡಿ, ಶೂ ಹಾಕಿಸಿ ನಿಲ್ಲಿಸಿ. ಕತ್ತರಿಸಿದ ಅಂಚಿನ ಎಳೆ ಬಿಚ್ಚದ ಹಾಗೆ ಅದಕ್ಕೆ ಓವರ್‌ಲಾಕ್ ಇಲ್ಲವೇ ಜಿಗ್‌ಜಾಗ್ ಹಾಕಿಕೊಳ್ಳಿ. ಒಂದೂವರೆ ಇಂಚು ಒಳಗೆ ಮಡಿಸಿ ಇಸ್ತ್ರಿ ಮಾಡಿ. ಕತ್ತರಿಸಿದ ಅಂಚಿನಿಂದ ಅರ್ಧ ಇಂಚು ಬಿಟ್ಟು ಸುತ್ತಲೂ ಕಚ್ಚಾ ಹೊಲಿಗೆ ಹಾಕಿ, ಅಂದರೆ ಆಮೇಲೆ ಎಳೆದು ತೆಗೆಯುವ ದೊಡ್ಡ ಹೊಲಿಗೆ. ಪಿನ್ನು ಚುಚ್ಚಿದರೆ ಸಾಲದಾ ಅಂತ ಕೇಳುತ್ತೀರಿ. ಸಾಲುತ್ತದೆ, ಆದರೆ ಮಿಷನ್ ಮೇಲೆ ಇಟ್ಟಾಗ ಪಿನ್ನಿನ ಜಾಗದಲ್ಲಿ ಬಟ್ಟೆ ಉಬ್ಬುತ್ತದೆ. ನನಗಂತೂ ಕಚ್ಚಾ ಹೊಲಿಗೆಯೇ ಸಲೀಸು.

ಈಗ ಮುಖ್ಯವಾದ ಮಡಿಕೆ. ಬಟ್ಟೆಯ ಒಳಮೈ ಮೇಲೆ ಬರುವ ಹಾಗೆ ಹಿಡಿದು, ಆ ಒಂದೂವರೆ ಇಂಚಿನ ಪಟ್ಟಿಯನ್ನು ಪೂರ್ತಿ ಕೆಳಗಡೆಗೆ ತಿರುಗಿಸಿ, ಸೀರೆ ನೆರಿಗೆಯನ್ನು ಹಿಂದಕ್ಕೆ ಮಡಿಸಿದ ಹಾಗೆ. ಓವರ್‌ಲಾಕ್ ಹಾಕಿದ ಅಂಚು ಮಾತ್ರ ಬಲಗಡೆ ಕಾಲು ಇಂಚು ಹೊರಗೆ ಇಣುಕಬೇಕು. ನೆಟ್ಟಗಿನ ಹೊಲಿಗೆಗಳು ಇಣುಕಿದ ಆ ಅಂಚಿನ ಮೇಲೆ ಬೀಳುತ್ತವೆ. ಎಡಕ್ಕೆ ಹಾರುವ ಹೊಲಿಗೆ ಮಡಿಕೆಯ ತುದಿಯಲ್ಲಿ ಒಂದೆರಡು ಎಳೆಯನ್ನಷ್ಟೇ ಕಚ್ಚಿ ವಾಪಸ್ಸಾಗಬೇಕು. ಇದಕ್ಕೆಂದೇ ನಡುವೆ ಒಂದು ಪುಟ್ಟ ಗೋಡೆ ಇರುವ ಫೂಟ್, ಅಂದರೆ ಸೂಜಿಯ ಕೆಳಗೆ ಬಟ್ಟೆ ಒತ್ತಿ ಹಿಡಿಯುವ ಪಾದ, ಸಿಗುತ್ತದೆ. ಮಡಿಕೆ ಆ ಗೋಡೆಗೆ ತಾಗಿಕೊಂಡೇ ಹೋಗಬೇಕು. ಹೊಲಿಯುವಾಗ ಕಣ್ಣು ಅದರ ಮೇಲಿರಲಿ, ಸೂಜಿಯ ಮೇಲಲ್ಲ.

ಮೊದಲ ಸಲ ನಾನು ಅವಸರ ಮಾಡಿದೆ. ಮಗನ ಕಡುನೀಲಿ ಯೂನಿಫಾರ್ಮ್ ಪ್ಯಾಂಟು, ಪಕ್ಕಕ್ಕೆ ಹಾರುವ ಹೊಲಿಗೆಯ ಅಗಲ ಜಾಸ್ತಿ ಇತ್ತು. ತಿರುಗಿಸಿ ನೋಡಿದರೆ ಕಾಲಿನ ಸುತ್ತ ರಂಗೋಲಿ ಚುಕ್ಕಿ ಇಟ್ಟ ಹಾಗಿತ್ತು! ಪೂರ್ತಿ ಬಿಚ್ಚಿದೆ. ಅಂದಿನಿಂದ ಅದೇ ಬಟ್ಟೆಯ ತುಂಡಿನ ಮೇಲೆ ಒಂದು ಗೇಣು ಹೊಲಿದು ನೋಡದೆ ಪ್ಯಾಂಟು ಮುಟ್ಟುವುದಿಲ್ಲ. ಚುಕ್ಕಿ ದೊಡ್ಡದಾಗಿ ಕಂಡರೆ ಅಗಲ ಕಡಿಮೆ ಮಾಡಿ. ಮಡಿಕೆಗೆ ಸೂಜಿ ತಾಗದೇ ಹೋದರೆ ಒಂಚೂರು ಹೆಚ್ಚಿಸಿ. ಮೇಲಿನ ದಾರದ ಟೆನ್ಶನ್ ಸ್ವಲ್ಪ ಸಡಿಲ ಇರಲಿ, ಬಿಗಿಯಾದರೆ ಗುಳಿ ಬೀಳುತ್ತದೆ. ಸೂಜಿ 11ನೇ ನಂಬರಿನದು ಸಾಕು. ಬಟ್ಟೆಗೆ ಸರಿಸಮ ದಾರ ಸಿಗದಿದ್ದರೆ ಒಂದು ಶೇಡ್ ಗಾಢವಾದದ್ದು ತನ್ನಿ. ಉಂಡೆಯಲ್ಲಿ ಕಾಣುವುದಕ್ಕಿಂತ ಒಂದೆಳೆ ದಾರ ತಿಳಿಯಾಗಿ ಕಾಣುತ್ತದೆ. ಕಣ್ಣಿಗೆ ಕಾಣದ ನೈಲಾನ್ ದಾರ ಅಂತ ಮಾರುತ್ತಾರಲ್ವಾ, ನನಗೆ ಅದು ಇಷ್ಟವಿಲ್ಲ. ತುದಿ ಚುಚ್ಚುತ್ತದೆ, ಇಸ್ತ್ರಿ ಬಿಸಿ ಜಾಸ್ತಿಯಾದರೆ ಕರಗುತ್ತದೆ.

ಮುಗಿದ ಮೇಲೆ ಮಡಿಕೆ ಬಿಡಿಸಿ, ಕಚ್ಚಾ ದಾರ ಎಳೆದು, ಒಳಗಿನಿಂದ ಇಸ್ತ್ರಿ ಮಾಡಿ. ಹೊರಗಿನಿಂದಲೂ ಬೇಕೆನಿಸಿದರೆ ಮೇಲೊಂದು ಒದ್ದೆ ಬಟ್ಟೆ ಹಾಕಿ. ಗಾಢ ಬಣ್ಣದ ಪ್ಯಾಂಟಿಗೆ ನೇರವಾಗಿ ಬಿಸಿ ತಾಗಿಸಿದರೆ ಮಿರಿಮಿರಿ ಮಿಂಚುತ್ತದೆ.

ಎಲ್ಲದಕ್ಕೂ ಇದು ಆಗಿಬರುವುದಿಲ್ಲ. ಶಿಫಾನು, ಜಾರ್ಜೆಟ್ಟಿನಲ್ಲಿ ಎಳೆ ಎದ್ದು ಕಾಣುತ್ತದೆ. ಛತ್ರಿ ಲಂಗದ ಅಂಚು ದುಂಡಗಿರುವುದರಿಂದ ಅಗಲ ಮಡಿಕೆ ಕೂರುವುದೇ ಇಲ್ಲ. ರೇಷ್ಮೆ ಸೀರೆಯ ಫಾಲು ಕೈಯಲ್ಲೇ ಆಗಬೇಕು. ಇದರ ನಿಜವಾದ ಸುಖ ಕರ್ಟನ್‌ನಲ್ಲಿ. ಉದ್ದಕ್ಕೆ ನೆಟ್ಟಗೆ ಹೋಗುತ್ತದೆ, ನಾಲ್ಕು ಇಂಚು ಮಡಿಕೆ ಬಿಟ್ಟರೆ ಭಾರಕ್ಕೆ ಚೆನ್ನಾಗಿ ಇಳಿಬೀಳುತ್ತದೆ. ಮಡಿಸುವ ಮೊದಲು ಒಂದು ದಿನ ಹಾಗೇ ನೇತುಹಾಕಿ, ಬಟ್ಟೆ ಜಗ್ಗಿದ ಮೇಲೆ ಅಳತೆ ತೆಗೆಯಿರಿ.

ಬೆಳೆಯುವ ಮಕ್ಕಳ ಯೂನಿಫಾರ್ಮ್ ಪ್ಯಾಂಟಿಗೆ ಎರಡು ಇಂಚು ಒಳಗಿಡಿ. ಜೂನ್‌ನಲ್ಲಿ ಶಾಲೆ ಶುರುವಾಗುವಾಗ ಬ್ಲೇಡಿನಲ್ಲಿ ಅಲ್ಲಲ್ಲಿ ದಾರ ಕತ್ತರಿಸಿ ಮಡಿಕೆ ಇಳಿಸಬಹುದು. ಹಳೆ ಮಡಿಕೆಯ ಗೆರೆಗೆ, ನೀರಿನಲ್ಲಿ ಸ್ವಲ್ಪ ಬಿಳಿ ವಿನೆಗರ್ ಬೆರೆಸಿ, ಬಟ್ಟೆ ಅದ್ದಿ ಹಿಂಡಿ, ಅದನ್ನು ಮೇಲಿಟ್ಟು ಇಸ್ತ್ರಿ ಒತ್ತಿ. ಬಣ್ಣ ಮಾಸಿ ಬಿದ್ದ ಗೆರೆ ಮಾತ್ರ ಹೋಗುವುದಿಲ್ಲ. ಹಾಗೇ ಹಾಕಿಕೊಂಡು ಹೋಗು, ಯಾರೂ ಬಗ್ಗಿ ನೋಡಲ್ಲ ಅಂತ ಮೊಮ್ಮಗನಿಗೆ ಹೇಳಿದ್ದೇನೆ.