ಸ್ಕೇಲ್ ಹಿಡಿಯೋದು ಪರಾವರ್ತಿತ ಕ್ರಿಯೆ ಅಲ್ಲ

ದಾವಣಗೆರೆಯಲ್ಲಿ ಹೈಸ್ಕೂಲಿಗೆ ವಿಜ್ಞಾನ ಹೇಳಿಕೊಡುವ ನಾನು ಬಹಳ ವರ್ಷ ಒಂದು ತಪ್ಪು ಮಾಡಿದೆ. ಮೇಲಿಂದ ಸ್ಕೇಲ್ ಬಿಡುವುದು, ಹುಡುಗರು ಹಿಡಿಯುವುದು, ‘ಇದೇ ನೋಡ್ರಪ್ಪಾ ಪರಾವರ್ತಿತ ಕ್ರಿಯೆ’ ಎಂದುಬಿಡುವುದು. ಪರಾವರ್ತಿತ ಕ್ರಿಯೆ ಎಂದರೆ ನಾವು ಯೋಚಿಸುವ ಮೊದಲೇ ಮೈ ತಾನಾಗಿ ಮಾಡಿಬಿಡುವ ಚಲನೆ. ಇದು ಹಾಗಲ್ಲ. ಸ್ಕೇಲ್ ಜಾರಿದ್ದನ್ನು ಕಣ್ಣು ಕಾಣಬೇಕು, ಸುದ್ದಿ ಮೆದುಳಿಗೆ ಹೋಗಬೇಕು, ಅಲ್ಲಿಂದ ಬೆರಳಿಗೆ ಅಪ್ಪಣೆ ಬರಬೇಕು. 20 ಸೆಂ.ಮೀ. ಬಿದ್ದ ಮೇಲೆ ಸಿಕ್ಕಿತು ಎಂದರೆ ಸುಮಾರು 0.2 ಸೆಕೆಂಡ್ ಕಳೆಯಿತು. ಬಿಸಿ ತಾಗಿದ ಕೈ ಅಷ್ಟು ದೂರದ ಅಪ್ಪಣೆಗೆ ಕಾಯುವುದಿಲ್ಲ, ಬೆನ್ನುಹುರಿಯೇ ಸ್ನಾಯುವಿಗೆ ಹೇಳಿಬಿಡುತ್ತದೆ. ಉರಿ ನಮಗೆ ಗೊತ್ತಾಗುವುದು ಆಮೇಲೆ.

ಈಗ ಸ್ಕೇಲ್ ಬಿಟ್ಟು, ನರದಲ್ಲಿ ಸುದ್ದಿ ಎಷ್ಟು ಜೋರಾಗಿ ಓಡುತ್ತದೆ ಎಂದು ಅಳೆಯುವ ಬೇರೆ ಆಟ ಆಡಿಸುತ್ತೇನೆ. 20 ಹುಡುಗರು ಕಣ್ಣು ಮುಚ್ಚಿ ನೆಲದ ಮೇಲೆ ಸುತ್ತ ಕೂರಬೇಕು. ಒಬ್ಬ ಪಕ್ಕದವನ ಹೆಗಲು ಅದುಮುತ್ತಾನೆ, ಅವನು ಮುಂದಿನವನದು. ಕೊನೆಯವನು ಕೂಗುತ್ತಲೇ ನಾನು ಸ್ಟಾಪ್‌ವಾಚ್ ಒತ್ತುತ್ತೇನೆ. ಎರಡನೇ ಸುತ್ತಿನಲ್ಲಿ ಹೆಗಲಿನ ಬದಲು ಕಾಲಿನ ಹರಡು. ಮೊದಲ ಸಲ ಪೂರಾ ಕೆಟ್ಟಿತು. ಅರ್ಧ ಜನ ಕಳ್ಳಗಣ್ಣಲ್ಲಿ ನೋಡುತ್ತಿದ್ದರು, ಒಬ್ಬನಿಗೆ ಕಚಗುಳಿ. ಹತ್ತು ಸಲ ಆಡಿಸಿ, ಕೊನೆಯ ಐದರ ಸರಾಸರಿ ತೆಗೆದಾಗ ಹೆಗಲಿಗೆ 5.8 ಸೆಕೆಂಡ್, ಹರಡಿಗೆ 6.3. ವ್ಯತ್ಯಾಸ ಅರ್ಧ ಸೆಕೆಂಡ್, ಒಬ್ಬೊಬ್ಬನಿಗೆ 0.025. ಹರಡಿನಿಂದ ಮೆದುಳಿಗೆ ಹೆಗಲಿಗಿಂತ ಹೆಚ್ಚುಕಡಿಮೆ ಒಂದು ಮೀಟರ್ ಜಾಸ್ತಿ ದಾರಿ. ಅಲ್ಲಿಗೆ ಸ್ಪರ್ಶದ ಸುದ್ದಿ ಸೆಕೆಂಡಿಗೆ 40 ಮೀಟರ್ ಓಡಿತು! ಅಂದಾಜು ಲೆಕ್ಕ ಬಿಡಿ, ಸ್ಟಾಪ್‌ವಾಚ್ ಒತ್ತುವ ನನ್ನ ಬೆರಳೂ ತಡವೇ ಅಲ್ವಾ? 1850ರ ಹೊತ್ತಿಗೆ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದಲ್ಲಿ ಅಳೆದಾಗ ಸುಮಾರು 27 ಮೀಟರ್ ಬಂದಿತ್ತು.

ನೋವಿನ ಸುದ್ದಿ ಇಷ್ಟು ಜೋರಾಗಿ ಓಡುವುದಿಲ್ಲ. ಚುರ್ರೆನ್ನುವ ನೋವು ಮೊದಲು ಬರುತ್ತದೆ. ಆಮೇಲಿನ ಉರಿಯನ್ನು ತರುವ ನರತಂತುಗಳು ಸೆಕೆಂಡಿಗೆ ಒಂದೆರಡು ಮೀಟರ್ ಸಾಗಿದರೆ ಹೆಚ್ಚು.

ಬಿಸಿ ಗೊತ್ತಾಗುವುದು ಹೇಗೆ ಎಂದು ಹೇಳಲು ನಮ್ಮೂರಲ್ಲಿ ಮಂಡಕ್ಕಿ ಮಿರ್ಚಿಗಿಂತ ಒಳ್ಳೆ ಸಾಧನ ಇಲ್ಲ. ಸುಮಾರು 43 ಡಿಗ್ರಿ ದಾಟಿದರೆ ಎಚ್ಚೆತ್ತುಕೊಳ್ಳುವ ಒಂದು ಗ್ರಾಹಕ, ಅಂದರೆ ಬಿಸಿಯನ್ನು ಗುರುತಿಸುವ ಪ್ರೋಟೀನ್, ನರದ ತುದಿಯಲ್ಲಿದೆ. ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ಅದನ್ನೇ ಎಬ್ಬಿಸುತ್ತದೆ. ಅದಕ್ಕೇ ಆರಿದ ಮಿರ್ಚಿಯೂ ಬಾಯಿ ಸುಡುತ್ತದೆ, ಅದರ ಮೇಲೆ ಚಹಾ ಕುಡಿದರೆ ಇನ್ನೂ ಜಾಸ್ತಿ. 1997ರಲ್ಲಿ ಈ ಗ್ರಾಹಕವನ್ನು ಪತ್ತೆ ಮಾಡಿದ ತಂಡದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಸಿಕ್ಕಿತು.

ಇದನ್ನೆಲ್ಲ ಹೇಳಿ, ಬಿಸಿ ಮುಟ್ಟಿದರೆ ಕೈ ತಾನಾಗೇ ಹಿಂದೆ ಬರುತ್ತದೆ ಎಂದೆ. ಬೆಣ್ಣೆದೋಸೆ ಹೋಟೆಲ್ಲಿನವರ ಮನೆಯ ಹುಡುಗ ಎದ್ದ.

“ನಮ್ಮಪ್ಪ ಸುಡೋ ಪಾತ್ರೆ ಹಿಡ್ಕೊಂಡ್ರೂ ಕೈ ಬಿಡಲ್ಲ ಸರ್. ಬಿಟ್ರೆ ಪಲ್ಯ ಎಲ್ಲಾ ಚೆಲ್ಲುತ್ತಲ್ಲ.”

“ಕಾವಲಿ ತಗುಲಿದ್ರೆ?”

“ಗೊತ್ತಿಲ್ದೆ ತಗುಲಿದ್ರೆ ಎಳ್ಕೊಂತಾರೆ.”

ಅವನು ಹೇಳಿದ್ದು ಸರಿ. ಬೆನ್ನುಹುರಿ ಎಳೆ ಎಂದರೂ ಮೊದಲೇ ಸಜ್ಜಾದ ಮೆದುಳು ತಡಿ ಎನ್ನಬಲ್ಲದು. ಅವತ್ತಿನಿಂದ ಬೋರ್ಡಿನ ಮೇಲೆ ಪರಾವರ್ತಿತ ಚಾಪ (ಚರ್ಮದಿಂದ ಬೆನ್ನುಹುರಿಗೆ, ಅಲ್ಲಿಂದ ಸ್ನಾಯುವಿಗೆ ಸುದ್ದಿ ಓಡುವ ದಾರಿ) ಬರೆದಾಗೆಲ್ಲ ಮೆದುಳಿನಿಂದ ಬೆನ್ನುಹುರಿಗೆ ಇಳಿಯುವ ಒಂದು ಬಾಣವನ್ನೂ ಹಾಕುತ್ತೇನೆ.