ರಟ್ಟಾ, ಪ್ಲಾಸ್ಟಿಕ್ಕಾ?

ನನ್ನ ಕೆಲಸ ಗಿಟಾರ್ ರಿಪೇರಿ. ಹನುಮಂತನಗರದ ನಮ್ಮ ಮನೆಯ ಮುಂದಿನ ಕೋಣೆಯೇ ವರ್ಕ್‌ಶಾಪು. ತಿಂಗಳಿಗೆ ಹತ್ತು ಹನ್ನೆರಡು ಗಿಟಾರ್ ಬರುತ್ತವೆ. ಒಂದರ ಕುತ್ತಿಗೆ ಬಾಗಿರುತ್ತದೆ, ಇನ್ನೊಂದರ ಫ್ರೆಟ್, ಅಂದರೆ ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿ, ಸವೆದಿರುತ್ತದೆ, ಮತ್ತೊಂದು ಸುಮ್ನೆ ಮೂರು ವರ್ಷ ಬೀರುವಿನ ಮೇಲೆ ಮಲಗಿ ಬಂದಿರುತ್ತದೆ. ಕಾಯಿಲೆ ಏನೇ ಇರಲಿ, ಕೊನೆಗೆ ಹೊಸ ತಂತಿ ಹಾಕಲೇಬೇಕು. ಒಂದು ಸೆಟ್ಟಿಗೆ ಆರು ತಂತಿ. ಕೆಲವು ಕಂಪನಿಗಳು ಒಂದೊಂದು ತಂತಿಯನ್ನೂ ಬೇರೆ ಬೇರೆ ಕಾಗದದ ಲಕೋಟೆಯಲ್ಲಿ ಇಡುತ್ತವೆ. ಆರೂ ಲಕೋಟೆ ಸೇರಿ ಒಂದು ಫಾಯಿಲ್ ಪ್ಯಾಕೆಟ್ಟಿನೊಳಗೆ. ಅದರ ಮೇಲೆ ಇನ್ನೊಂದು ತೆಳು ರಟ್ಟಿನ ಹೊದಿಕೆ. ಅಂಗೈಯಲ್ಲಿ ಸುತ್ತಿ ಹಿಡಿಯಬಹುದಾದ ತಂತಿಗೆ ಮದುವೆ ಹೆಣ್ಣಿನ ಅಲಂಕಾರ.

ಇದು ಸಾಲದು ಎಂಬಂತೆ ಬಳೇಪೇಟೆಯಿಂದಲೂ ನಾನೇ ಹೊತ್ತು ತರುತ್ತಿದ್ದೆ. ವೀಣೆ, ಮೃದಂಗ, ತಬಲಾ, ಹಾರ್ಮೋನಿಯಂ ಎಲ್ಲ ಅಕ್ಕಪಕ್ಕ ಸಿಗುವ ಬೀದಿ ಅದು. ನನಗೆ ಸಾಮಾನು ಕೊಡುವ ಅಂಗಡಿಯ ಮೂಲೆಯಲ್ಲಿ ಯಾವಾಗಲೂ ಖಾಲಿ ಪೊಟ್ಟಣಗಳ ರಾಶಿ. ಸ್ಯಾಕ್ಸೋಫೋನ್ ಊದುವ ತುದಿಗೆ ಕಟ್ಟುವ ತೆಳು ಪಟ್ಟಿಯ, ಅಂದರೆ ರೀಡಿನ, ಡಬ್ಬಿ, ಡ್ರಮ್ ಕೋಲಿನ ಉದ್ದನೆಯ ರಟ್ಟಿನ ಕವರು, ಪಿಟೀಲು ತಂತಿಯ ಕೊಳವೆ. ಅಂಗಡಿಯವರು "ತಗೊಂಡ್ ಹೋಗಿ ಸಾರ್, ನಮಗೂ ಜಾಗ ಆಗುತ್ತೆ" ಎನ್ನುತ್ತಿದ್ದರು. ಚೆನ್ನಾಗಿ ಕಾಣುವ ಡಬ್ಬಿಯನ್ನು ಎಸೆಯಲು ನನಗೆ ಕೈ ಬರುವುದಿಲ್ಲ. ಅಮ್ಮನಿಂದ ಬಂದ ಗುಣ. ಆದರೆ ಅಮ್ಮ ಇಡುವುದು ಹಾರ್ಲಿಕ್ಸ್ ಬಾಟಲಿ. ಅದರಲ್ಲಿ ಬೇಳೆ ತುಂಬಬಹುದು. ನನ್ನ ಡಬ್ಬಿಗಳಲ್ಲಿ ಏನು ತುಂಬುವುದು?

ಮೊದಲ ವರ್ಷ ನಾನು ಮಾಡಿದ್ದೆಲ್ಲ ಅಂಟಿನ ಕೆಲಸ. ರಟ್ಟಿನ ಮೇಲೆ ಬಣ್ಣದ ಫಾಯಿಲ್ ಅಂಟಿಸಿ ಪೆನ್ ಸ್ಟ್ಯಾಂಡು. ಲಕೋಟೆಗಳನ್ನು ಸಾಲಾಗಿ ಅಂಟಿಸಿ ಟ್ರೇ. ಗೋಡೆ ಗಡಿಯಾರವನ್ನೂ ಬಿಡಲಿಲ್ಲ. ನೋಡಿದವರೆಲ್ಲ "ಸೂಪರ್" ಅಂದರು. ಯಾರೂ ಒಂದನ್ನೂ ಮನೆಗೆ ಒಯ್ಯಲಿಲ್ಲ. ಅಮ್ಮ ಪೆನ್ ಸ್ಟ್ಯಾಂಡನ್ನು ತಿರುಗಿಸಿ ತಿರುಗಿಸಿ ನೋಡಿ, "ಚೆನ್ನಾಗಿದೆ ಕಣೋ. ಆದ್ರೆ ನಮ್ಮನೇಲಿ ಇರೋದೇ ಎರಡು ಪೆನ್ನು" ಅಂದರು.

ಟ್ರೇಗೆ ಮೈದಾ ಅಂಟು ಹಾಕಿದ್ದೆ. ಬಿಳಿ ಅಂಟಿಗೆ ಸುಮ್ನೆ ಯಾಕೆ ದುಡ್ಡು ಅಂತ. ಮಳೆಗಾಲ ಬಂತು. ಒಂದು ಬೆಳಿಗ್ಗೆ ನೋಡಿದರೆ ಅಂಚೆಲ್ಲ ಕಡಿದು ಹೋಗಿದೆ, ಕೆಳಗೆ ಪುಡಿ ಉದುರಿದೆ. ಜಿರಲೆಗೆ ರಾತ್ರಿಯಿಡೀ ಊಟ. ಪುಸ್ತಕ ಬೈಂಡ್ ಮಾಡುವವರು ಮೈದಾ ಅಂಟಿಗೆ ಮೈಲುತುತ್ತ ಸೇರಿಸುವುದು ಇದೇ ಕಾರಣಕ್ಕೆ. ಹುಳು ಹತ್ತಿರ ಸುಳಿಯುವುದಿಲ್ಲ. ಆದರೆ ಮೈಲುತುತ್ತ ವಿಷ. ಅಡುಗೆಮನೆಗೆ ಬರುವ ವಸ್ತುವಿಗೆ ಅದನ್ನು ಹಾಕುವ ಮಾತೇ ಇಲ್ಲ.

ಹಾಳಾದ ಟ್ರೇ, ಪೆನ್ ಸ್ಟ್ಯಾಂಡು, ನಿಂತ ಗಡಿಯಾರ ಎಲ್ಲವನ್ನೂ ಚೀಲಕ್ಕೆ ತುಂಬಿ ನಮ್ಮ ಬೀದಿಯ ಗುಜರಿ ಅಂಗಡಿಗೆ ಒಯ್ದೆ. ಅಂಗಡಿಯವನು ಪೆನ್ ಸ್ಟ್ಯಾಂಡನ್ನು ಕೈಯಲ್ಲಿ ಹಿಡಿದು ಕೇಳಿದ: "ಸಾರ್, ಇದನ್ನ ಯಾವ ಲೆಕ್ಕಕ್ಕೆ ಹಾಕ್ಕೊಳ್ಲಿ? ರಟ್ಟಾ, ಪ್ಲಾಸ್ಟಿಕ್ಕಾ?"

ನಾನು ತಬ್ಬಿಬ್ಬಾದೆ. ಅವನು ಮಾತು ಮುಂದುವರಿಸಿದ. "ಬರೀ ರಟ್ಟು ತಂದಿದ್ರೆ ತೂಕಕ್ಕೆ ಹಾಕ್ತಿದ್ದೆ. ನೀವು ಪ್ಲಾಸ್ಟಿಕ್ ಅಂಟಿಸಿ ಎರಡನ್ನೂ ಕೆಡಿಸಿದ್ದೀರ."

ನಿಜ, ಅಲ್ವಾ? ಆ ಫಾಯಿಲ್ ಪ್ಯಾಕೆಟ್ಟು ಮೊದಲಿನಿಂದಲೂ ಯಾರಿಗೂ ಬೇಡದ ವಸ್ತು. ಒಳಗೆ ಅಲ್ಯೂಮಿನಿಯಂ ಪದರ, ಅದಕ್ಕೆ ಅಂಟಿಕೊಂಡ ಪ್ಲಾಸ್ಟಿಕ್ ಪದರ. ಬಿಡಿಸಲು ಆಗುವುದಿಲ್ಲ. ಚಿಪ್ಸ್ ಪ್ಯಾಕೆಟ್ಟಿನ ದಾಯಾದಿ. ರಟ್ಟು ಹಾಗಲ್ಲ. ಅದಕ್ಕೆ ಬೆಲೆ ಇದೆ, ಗಿರಾಕಿ ಇದ್ದಾರೆ, ನೆನೆಸಿ ಅರೆದರೆ ಮತ್ತೆ ರಟ್ಟಾಗುತ್ತದೆ. ನಾನು 'ಕಸದಿಂದ ರಸ' ಅಂತ ಹೊರಟು, ಒಳ್ಳೆಯ ಕಸವನ್ನೂ ಕೆಟ್ಟ ಕಸ ಮಾಡಿದ್ದೆ. ಆ ಚೀಲವನ್ನು ಮಾರನೇ ದಿನ ಒಣ ಕಸದ ಆಟೋಗೆ ಹಾಕಿದೆ. ಆಟೋದ ಅಕ್ಕ ಗಡಿಯಾರದ ಮುಳ್ಳು ಕಿತ್ತು ಬದಿಗಿಟ್ಟುಕೊಂಡರು. ಉಳಿದದ್ದನ್ನು ನೋಡಲೂ ಇಲ್ಲ.

ಅಂದಿನಿಂದ ಅಂಟು ಮುಟ್ಟಿಲ್ಲ. ರಟ್ಟನ್ನು ರಟ್ಟಾಗಿಯೇ ಗುಜರಿಗೆ ಕೊಡುತ್ತೇನೆ. ಕೈಕೆಲಸಕ್ಕೆ ಇಟ್ಟುಕೊಳ್ಳುವುದು ಮುಖ್ಯವಾಗಿ ಗುಜರಿಯವನು ಬೇಡ ಅಂದದ್ದನ್ನು. ಅದನ್ನೂ ಮಡಚುತ್ತೇನೆ, ಹೆಣೆಯುತ್ತೇನೆ, ಹೊಲಿಯುತ್ತೇನೆ. ನಾಳೆ ಬೇಡವಾದರೆ ದಾರ ಕತ್ತರಿಸಿ ಬಿಡಿಸುವ ಹಾಗಿರಬೇಕು.

ಹಾಗೆ ಮಾಡಿದ್ದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಕೊಂಡಿ ಹೆಣಿಗೆಯ ಚಾಪೆ. ಊಟದ ಮೇಜಿನ ಮೇಲೆ ಹಾಸುವಂಥದ್ದು. ಚಾಕಲೇಟ್ ಕಾಗದದಲ್ಲಿ ಹುಡುಗಿಯರು ಸರ ಮಾಡುತ್ತಿದ್ದರಲ್ಲ, ಅದೇ ಮಡಿಕೆ. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಫಾಯಿಲ್ ಪ್ಯಾಕೆಟ್ಟು ಸಾಮಾನ್ಯವಾಗಿ ಹತ್ತು ಸೆಂಟಿಮೀಟರ್ ಆಚೆ ಈಚೆ ಚೌಕ. ಬೆಸುಗೆ ಇರುವ ಅಂಚುಗಳನ್ನು ಕತ್ತರಿಸಿದರೆ ಎರಡು ಹಾಳೆ ಸಿಗುತ್ತವೆ. ಒಂದೊಂದನ್ನೂ ನಡುವೆ ಸೀಳಿ. ಐದು ಸೆಂಟಿಮೀಟರ್ ಅಗಲ, ಹತ್ತು ಉದ್ದದ ನಾಲ್ಕು ಪಟ್ಟಿ ಆಯಿತು. ಅಳತೆ ಅರ್ಧ ಸೆಂಟಿಮೀಟರ್ ಕಡಿಮೆಯಾದರೂ ಚಿಂತೆಯಿಲ್ಲ, ಎಲ್ಲ ಪಟ್ಟಿಯೂ ಒಂದೇ ಅಳತೆ ಇದ್ದರೆ ಸಾಕು. ಈಗ ಪಟ್ಟಿಯ ಉದ್ದದ ಎರಡೂ ಅಂಚನ್ನು ನಡುಗೆರೆಗೆ ತಂದು ಮಡಚಿ. ಮತ್ತೆ ಅದೇ ನಡುಗೆರೆಯಲ್ಲಿ ಇನ್ನೊಂದು ಮಡಿಕೆ. ನಾಲ್ಕು ಪದರದ, ಒಂದೂಕಾಲು ಸೆಂಟಿಮೀಟರ್ ಅಗಲದ ಗಟ್ಟಿ ಪಟ್ಟಿ ಆಗುತ್ತದೆ. ಇದನ್ನು ಅಡ್ಡಕ್ಕೆ ಅರ್ಧ ಮಡಚಿ ಗುರುತು ಮಾಡಿ, ಬಿಚ್ಚಿ, ಎರಡೂ ತುದಿಯನ್ನು ಆ ಗುರುತಿಗೆ ತಂದು ಮಡಚಿ, ಮತ್ತೆ ಅರ್ಧಕ್ಕೆ ಮಡಚಿದರೆ ಎರಡು ಕಾಲಿನ ಚಿಮುಟದ ಹಾಗೆ ಕಾಣುತ್ತದೆ. ಅದೇ ಒಂದು ಕೊಂಡಿ. ಒಂದೊಂದು ಕಾಲಿನಲ್ಲೂ ಒಂದು ಸಂದು ಇರುತ್ತದೆ. ಮುಂದಿನ ಕೊಂಡಿಯ ಎರಡು ಕಾಲುಗಳನ್ನು ಈ ಎರಡು ಸಂದಿನೊಳಗೆ ತೂರಿಸಿ ಎಳೆಯಬೇಕು. ಮೂರನೆಯದು ಎರಡನೆಯದರೊಳಗೆ. ಹೀಗೇ ಅಂಕುಡೊಂಕು ಸರಪಳಿ ಬೆಳೆಯುತ್ತದೆ.

ಮೊದಲ ಹತ್ತು ಕೊಂಡಿ ಬಿಚ್ಚಿಕೊಂಡು ಬಿಚ್ಚಿಕೊಂಡು ತಲೆ ಕೆಡಿಸುತ್ತವೆ. ಫಾಯಿಲ್ ಪುಟಿಯುತ್ತದೆ, ಕಾಗದದಷ್ಟು ಮಾತು ಕೇಳುವುದಿಲ್ಲ. ಪ್ರತಿ ಮಡಿಕೆಯನ್ನೂ ಉಗುರಿನಿಂದಲ್ಲ, ಚಮಚದ ಬೆನ್ನಿನಿಂದ ಒತ್ತಿ ಉಜ್ಜಬೇಕು. ನಾನು ಫ್ರೆಟ್ ಒರೆಸುವ ಮರದ ತುಂಡಿನಿಂದ ಉಜ್ಜುತ್ತೇನೆ. ರಾತ್ರಿ ಒಂದು ಕಟ್ಟು ಕೊಂಡಿಯ ಮೇಲೆ ರುಬ್ಬುಗುಂಡು ಇಟ್ಟು ಮಲಗಿದರೆ ಬೆಳಿಗ್ಗೆ ಸಾಧುವಾಗಿರುತ್ತವೆ. ರುಬ್ಬುಗುಂಡಿಗೆ ನಮ್ಮನೆಯಲ್ಲಿ ಈಗ ಉಳಿದಿರುವ ಕೆಲಸ ಅದೊಂದೇ.

ಇಪ್ಪತ್ತು ಕೊಂಡಿಗೆ ಸುಮಾರು ಇಪ್ಪತ್ತೈದು ಸೆಂಟಿಮೀಟರ್ ಉದ್ದ ಬರುತ್ತದೆ. ಅಂಥ ಹತ್ತು ಸರಪಳಿ ಪಕ್ಕಪಕ್ಕ ಇಟ್ಟು ಹೊಲಿದರೆ ಒಂದು ತಟ್ಟೆ ಇಡುವಷ್ಟು ಚಾಪೆ. ಲೆಕ್ಕ ಹಾಕಿ: 200 ಕೊಂಡಿ, ಅಂದರೆ 50 ಪ್ಯಾಕೆಟ್ಟು. ನನ್ನ ವ್ಯಾಪಾರದಲ್ಲಿ ಐದು ತಿಂಗಳ ಫಸಲು! ಲೋಟ ಇಡುವ ಚಿಕ್ಕ ಚೌಕವಾದರೆ ಎಂಟು ಕೊಂಡಿಯ ನಾಲ್ಕು ಸರಪಳಿ ಸಾಕು, ಎಂಟು ಪ್ಯಾಕೆಟ್ಟಿನಲ್ಲಿ ಮುಗಿಯುತ್ತದೆ. ಹೊಸಬರು ಅದರಿಂದಲೇ ಶುರು ಮಾಡಿ. ನಾನು ದೊಡ್ಡದಕ್ಕೇ ಕೈ ಹಾಕಿ ಎರಡು ಸಲ ಅರ್ಧಕ್ಕೆ ಬಿಟ್ಟಿದ್ದೆ.

ಹೊಲಿಯಲು ತೆಳು ನೈಲಾನ್ ದಾರ ಮತ್ತು ಮೊಂಡು ಸೂಜಿ. ಸೂಜಿ ಫಾಯಿಲನ್ನು ಚುಚ್ಚಬಾರದು, ಮಡಿಕೆಗಳ ನಡುವಿನ ಸಂದಿನಲ್ಲಿ ನುಸುಳಬೇಕು. ಚುಚ್ಚಿದರೆ ಆ ತೂತಿನಿಂದಲೇ ಹರಿಯುತ್ತದೆ. ಸರಪಳಿಗಳ ಮೊನೆಗೆ ಮೊನೆ ಸೇರಿಸಿ ಹೊಲಿಯುತ್ತಾ ಹೋಗಿ. ದಾರದ ತುದಿಗೆ ಗಂಟು ಹಾಕಿದರೆ ಒಳಗೆ ಜಾರುತ್ತದೆ. ಅದಕ್ಕೆ ನನ್ನ ಹತ್ತಿರ ಮದ್ದಿದೆ. ಗಿಟಾರ್ ತಂತಿಯ ಒಂದು ತುದಿಗೆ ಪುಟ್ಟ ಹಿತ್ತಾಳೆ ಗುಂಡು ಇರುತ್ತದೆ, ನಡುವೆ ತೂತು, ಸುತ್ತ ರಾಟೆಯ ಹಾಗೆ ಸಣ್ಣ ತೋಡು. ಕೆಲವು ಸೆಟ್ಟುಗಳಲ್ಲಿ ತಂತಿ ಗುರುತಿಸಲು ಗುಂಡಿಗೆ ಕೆಂಪು, ಹಸಿರು, ನೇರಳೆ ಬಣ್ಣವೂ ಇರುತ್ತದೆ. ಹಳೇ ತಂತಿ ತೆಗೆಯುವಾಗ ಆ ಗುಂಡನ್ನು ಕತ್ತರಿಸಿ ಇಟ್ಟುಕೊಂಡಿರುತ್ತೇನೆ. ದಾರ ಅದರೊಳಗೆ ತೂರಿಸಿ ಕಟ್ಟಿದರೆ ಜಾರುವ ಮಾತೇ ಇಲ್ಲ. ಮೂಲೆಯಲ್ಲಿ ಬಣ್ಣದ ಮಣಿ ಕಂಡ ಹಾಗೂ ಆಯಿತು. ಗುಂಡಿಗೆ ಸುತ್ತಿದ ತಂತಿಯ ಮೊನೆ ಮಾತ್ರ ಪೂರ್ತಿ ತೆಗೆದಿರಬೇಕು. ಬೆರಳಿಗೆ ಚುಚ್ಚಿದರೆ ಎರಡು ದಿನ ಉರಿಯುತ್ತದೆ.

ಮೊದಲ ಚಾಪೆ ಮುಗಿದ ದಿನ ಅಮ್ಮ ಅದರ ಮೇಲೆ ಕಾಫಿ ಲೋಟ ಇಟ್ಟರು. ಮೇಜಿನ ಮೇಲೆ ಉಂಗುರದ ಕಲೆ ಬೀಳಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಶುಭ್ರ. ನಾನು ಹಿಗ್ಗಿದೆ. ವಾರ ಕಳೆದ ಮೇಲೆ ಯಾರೋ ಒಲೆಯಿಂದಿಳಿಸಿದ ಬಾಣಲೆಯನ್ನೇ ತಂದು ಅದರ ಮೇಲೆ ಇಟ್ಟರು. ಯಾರೋ ಏನು, ನಾನೇ. ಸುಟ್ಟ ಪ್ಲಾಸ್ಟಿಕ್ ವಾಸನೆ ಬಂತು. ಎತ್ತಿದರೆ ಚಾಪೆಯೂ ಜೊತೆಗೆ ಎದ್ದು ಬಂತು. ಈ ಪ್ಯಾಕೆಟ್ಟುಗಳಲ್ಲಿ ಸಾಮಾನ್ಯವಾಗಿ ಇರುವ ಪಾಲಿಥೀನ್ ಪದರ ಸುಮಾರು 110 ಡಿಗ್ರಿಗೇ ಕರಗುತ್ತದೆ. ಕಾಫಿ ಎಷ್ಟೇ ಬಿಸಿ ಇದ್ದರೂ 100 ಡಿಗ್ರಿ ದಾಟುವುದಿಲ್ಲ. ಒಗ್ಗರಣೆ ಬಾಣಲೆ ಆರಾಮಾಗಿ ದಾಟುತ್ತದೆ. ಬಾಣಲೆ ತಳ ಕೆರೆಯಲು ಒಂದು ಸಂಜೆ ಹೋಯಿತು. ಚಾಪೆಯಲ್ಲಿ ಸುಟ್ಟ ಮೂರು ಸರಪಳಿ ಬಿಚ್ಚಿ ಹೊಸದು ಸೇರಿಸಿದೆ. ಅಂಟು ಹಾಕಿದ್ದರೆ ಇಡೀ ಚಾಪೆ ಹೋಗುತ್ತಿತ್ತು.

ಇನ್ನೊಂದು ಎಚ್ಚರ. ತಂತಿಗೆ ತುಕ್ಕು ಹಿಡಿಯದಿರಲಿ ಅಂತ ಕೆಲವು ಪ್ಯಾಕೆಟ್ಟುಗಳಲ್ಲಿ ರಾಸಾಯನಿಕ ಸೇರಿಸಿರುತ್ತಾರೆ. ಅದರೊಳಗೆ ಏಲಕ್ಕಿ, ಲವಂಗ, ಮಾತ್ರೆ ಇಡಬೇಡಿ. ಚಾಪೆಯ ಮೇಲೂ ಲೋಟ, ತಟ್ಟೆ ಮಾತ್ರ, ಚಪಾತಿ ನೇರವಾಗಿ ಬೇಡ. ಅಂಥ ಪ್ಯಾಕೆಟ್ಟನ್ನು ಕತ್ತರಿಸದೆ ಹಾಗೇ ಇಟ್ಟುಕೊಂಡರೆ ಸೂಜಿ, ಸಣ್ಣ ಮೊಳೆ, ಸ್ಕ್ರೂ ಹಾಕಲು ಚೆನ್ನಾಗಿದೆ. ಒಮ್ಮೆ ತೆರೆದ ಮೇಲೆ ಅದರ ಗುಣ ನಿಧಾನಕ್ಕೆ ಇಳಿಯುತ್ತದೆ, ಆದರೂ ಬರೀ ಕಾಗದದ ಪೊಟ್ಟಣಕ್ಕಿಂತ ವಾಸಿ.

ಉಳಿದವು ಚಿಕ್ಕಪುಟ್ಟವು. ಡ್ರಮ್ ಕೋಲಿನ ಕವರು ನಲವತ್ತು ಸೆಂಟಿಮೀಟರ್ ಉದ್ದ ಇರುತ್ತದೆ. ತಳ ಮುಚ್ಚಿರುವುದನ್ನು ಆರಿಸಿ, ಮೇಲೆ ತೂತು ಮಾಡಿ, ದೇವರ ಮನೆ ಬಾಗಿಲ ಪಕ್ಕ ಮೊಳೆಗೆ ನೇತು ಹಾಕಿದ್ದೇನೆ. ಊದುಬತ್ತಿ ಇಡಲು. ಅರ್ಧದವರೆಗೆ ಹಳೇ ದಿನಪತ್ರಿಕೆ ಸುರುಳಿ ತುರುಕಿದೆ, ಇಲ್ಲದಿದ್ದರೆ ಬತ್ತಿ ತಳಕ್ಕೆ ಬಿದ್ದು ಕೈಗೆ ಸಿಗುವುದಿಲ್ಲ. ಪಿಟೀಲು ತಂತಿಯ ಕೊಳವೆಯಲ್ಲಿ ಅಮ್ಮನ ಕ್ರೋಶ ಕಡ್ಡಿ. ಗಿಟಾರ್ ಬರುವ ದೊಡ್ಡ ಪೆಟ್ಟಿಗೆಯ ಸುಕ್ಕು ರಟ್ಟಿನಿಂದ ಡ್ರಾಯರಿಗೆ ಅಡ್ಡ ಗೋಡೆ ಮಾಡಿದ್ದೇನೆ. ಒಂದು ಪಟ್ಟಿಗೆ ಮೇಲಿನಿಂದ ಅರ್ಧ ಸೀಳು, ಇನ್ನೊಂದಕ್ಕೆ ಕೆಳಗಿನಿಂದ, ಒಂದಕ್ಕೊಂದು ಕೂರಿಸಿದರೆ ಚೌಕಾಬಾರದ ಮನೆಗಳು. ರಟ್ಟಿನೊಳಗಿನ ಸುಕ್ಕಿನ ಗೆರೆ ನಿಂತ ಹಾಗಿರಬೇಕು. ಮಲಗಿದ್ದರೆ ಸೌಟಿನ ಭಾರಕ್ಕೇ ಕುಸಿಯುತ್ತದೆ. ಇದು ರಟ್ಟು ನಿಜ, ಆದರೆ ಅಂಟಿಲ್ಲ. ಬೇಸರವಾದ ದಿನ ಕಿತ್ತು ಗುಜರಿಗೆ ಹಾಕಬಹುದು.

ಕಾಗದದ ಲಕೋಟೆಗಳನ್ನು ಮುಯ್ಯಿ ಕವರ್ ಮಾಡಿಕೊಂಡೆ. 500 ರೂಪಾಯಿಯ ನೋಟು 15 ಸೆಂಟಿಮೀಟರ್ ಉದ್ದ, ಒಂದೇ ಮಡಿಕೆಗೆ ಸರಿಯಾಗಿ ಕೂರುತ್ತದೆ. ಮೇಲೊಂದು ರೂಪಾಯಿ ನಾಣ್ಯ. ಸೋದರತ್ತೆಯ ಮಗನ ಮದುವೆಯಲ್ಲಿ ಕೊಟ್ಟೆ. ಎರಡು ದಿನ ಬಿಟ್ಟು ಅತ್ತೆ ಫೋನ್ ಮಾಡಿದರು. "ಅಲ್ಲಪ್ಪ, ನಿನ್ನ ಕವರ್ ಮೇಲೆ ನಲವತ್ತಾರು ಅಂತ ಬರೆದಿತ್ತಲ್ಲ, ಒಳಗೆ ಐನೂರ ಒಂದಿತ್ತು. ಲೆಕ್ಕದ ಪುಸ್ತಕದಲ್ಲಿ ಯಾವುದನ್ನ ಬರ್ಕೊಳ್ಳೋದು?" ಅದು ದಪ್ಪ ತಂತಿಯ ಅಳತೆ, ಇಂಚಿನ ಸಾವಿರದಲ್ಲಿ 46 ಭಾಗ ಅಂತ ವಿವರಿಸಲು ಹೋಗಿ ಅರ್ಧಕ್ಕೇ ನಿಲ್ಲಿಸಿದೆ. ಈಗ ಲಕೋಟೆಯ ಒಳಮೈ ಹೊರಕ್ಕೆ ಬರುವಂತೆ ತಿರುಗಿಸಿ ಮಡಚುತ್ತೇನೆ.

ರೀಡಿನ ಡಬ್ಬಿಗಳಿಗೆ ಮಾತ್ರ ಇನ್ನೂ ದಾರಿ ಸಿಕ್ಕಿಲ್ಲ. ಹತ್ತು ರೀಡ್ ಹಿಡಿಯುವ ಪುಟ್ಟ ಚೆಂದದ ಡಬ್ಬಿ. ಪಿನ್ನು, ಗುಂಡಿ, ಸ್ಟಿಕ್ಕರ್ ಬೊಟ್ಟು ಎಲ್ಲ ಹಾಕಿ ನೋಡಿದೆ. ಮನೆಗೆ ಎರಡು ಸಾಕು, ನನ್ನ ಹತ್ತಿರ ಮೂವತ್ತಿದ್ದವು. ಹೋದ ತಿಂಗಳು ಒಳಗಿನ ಪ್ಲಾಸ್ಟಿಕ್ ಬೇರೆ, ಹೊರಗಿನ ರಟ್ಟು ಬೇರೆ ಮಾಡಿ ಇಪ್ಪತ್ತೆಂಟನ್ನು ಗುಜರಿಯವನಿಗೇ ಒಯ್ದೆ. ಅವನು ತಕ್ಕಡಿಗೆ ಹಾಕುತ್ತಾ, "ಇವತ್ತು ಏನೂ ಅಂಟಿಸಿಲ್ವಾ ಸಾರ್?" ಅಂದ.

ಬಳೇಪೇಟೆಯಿಂದ ಡಬ್ಬಿ ತರುವುದನ್ನು ನಿಲ್ಲಿಸಿದ್ದೇನೆ. ಫಾಯಿಲ್ ಪ್ಯಾಕೆಟ್ಟು ಮಾತ್ರ ತರುತ್ತೇನೆ. ಅಮ್ಮನಿಗೆ ಫಿಲ್ಟರಿನ ಕೆಳಗೆ ಹಾಸಲು ಒಂದು ಚಾಪೆ ಬೇಕಂತೆ, ದುಂಡಗೆ. ಈ ಕೊಂಡಿಯಲ್ಲಿ ಚೌಕ ಸುಲಭ, ದುಂಡು ಕಷ್ಟ. ಸರಪಳಿಯನ್ನು ಸುರುಳಿ ಸುತ್ತಿ ನೋಡುತ್ತಿದ್ದೇನೆ, ನಡುವೆ ಒಂದು ತೂತು ಉಳಿಯುತ್ತಿದೆ.